ಹೂಜಿಯ ನಾಣ್ಯ

ಮೊನ್ನೆ ಖಾರಘರ ಸ್ಟೇಷನ್ನಿನಿಂದ ಮನೆಗೆ ಬರುವಾಗ ಶೇರ್ ರಿಕ್ಷಾದವನು ಚಿಲ್ಲರೆ ಅಂತ ಅಂಗೈಗೆ ತುರುಕಿದ್ದರಲ್ಲಿ ಒಂದು ನಾಣ್ಯ ನಮ್ಮದಾಗಿರಲಿಲ್ಲ. ನೋಡುವ ಮೊದಲೇ ಬೆರಳಿಗೆ ಗೊತ್ತಾಯಿತು. ತಿರುಗಿಸಿ ಹಿಡಿದರೆ ಒಂದು ಬದಿಯಲ್ಲಿ ಅರಬ್ಬಿ ಬರಹ, ಇನ್ನೊಂದು ಬದಿಯಲ್ಲಿ ಉದ್ದ ಕೊಕ್ಕಿನ ಕಾಫಿ ಹೂಜಿ. ದುಬಾಯಿಯ ದಿರ್ಹಮ್. ಅಲ್ಲಿಯ ಲೆಕ್ಕದಲ್ಲಿ ರಿಕ್ಷಾದವನು ನನಗೆ ಧಾರಾಳವಾಗಿಯೇ ಕೊಟ್ಟಿದ್ದ. ಇಲ್ಲಿಯ ಲೆಕ್ಕದಲ್ಲಿ ಅದಕ್ಕೆ ಒಂದು ಬಾಳೆಹಣ್ಣೂ ಬರುವುದಿಲ್ಲ.

ಅವನನ್ನು ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ಅತ್ತಿಗೆಗೆ ತೋರಿಸಬೇಕು ಅಂತ ಮೊದಲು ಅನ್ನಿಸಿತು, ಮೆಟ್ಟಿಲು ಹತ್ತುವಷ್ಟರಲ್ಲಿ ಬೇಡ ಅನ್ನಿಸಿತು. ಯಾಕೆ ಬೇಡ ಅಂತ ಹೇಳಬೇಕಾದರೆ ಸ್ವಲ್ಪ ಸುತ್ತಿ ಬಳಸಿ ಬರಬೇಕು. ನಿಮಗೂ ಆತುರವಿಲ್ಲ ಅಂದುಕೊಂಡಿದ್ದೇನೆ.

ಚಿಲ್ಲರೆಯನ್ನು ನೋಡದೆ ಜೇಬಿಗೆ ಹಾಕುವವರನ್ನು ಕಂಡರೆ ನನಗೆ ಈಗಲೂ ಆಶ್ಚರ್ಯ. ನನ್ನಿಂದ ಆಗುವುದಿಲ್ಲ. ಇಸವಿ ನೋಡಬೇಕು, ಇಸವಿಯ ಕೆಳಗೆ ಟಂಕಸಾಲೆಯ ಗುರುತು ನೋಡಬೇಕು. ವಜ್ರದ ಚಿಹ್ನೆ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಬರೀ ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ತರಕಾರಿಯವಳ ಮುಂದೆ ನಿಂತು ನಾನು ಹೀಗೆ ಕಣ್ಣು ಕಿರಿದು ಮಾಡಿ ನೋಡುವಾಗ, ಅವಳು ಕೊಟ್ಟದ್ದು ಖೋಟಾ ಅಂತ ಸಂಶಯಪಡುತ್ತಿದ್ದೇನೆ ಅಂದುಕೊಂಡು ಅವಳು ಮರಾಠಿಯಲ್ಲಿ ನನ್ನ ಮನೆತನದ ವಿಚಾರವೆಲ್ಲ ಆಡಿದ್ದುಂಟು. ನನ್ನ ಹೆಂಡತಿ ಈಗ ನನ್ನ ಜೊತೆ ಬಾಜಾರಿಗೆ ಬರುವುದನ್ನೇ ಬಿಟ್ಟಿದ್ದಾಳೆ. ನಾಲ್ಕಾಣೆ ಚಲಾವಣೆಯಿಂದ ಹೋದ ವರ್ಷ ನಾನು ಸೂತಕದವರ ಮುಖ ಹೊತ್ತು ತಿರುಗಿದೆ ಅಂತ ಅವಳು ಬಂದವರಿಗೆಲ್ಲ ಹೇಳುತ್ತಾಳೆ. ಸುಳ್ಳೇನಲ್ಲ.

ಈ ರೋಗ ನನಗೆ ಹತ್ತಿದ್ದು ನನ್ನ ಅಣ್ಣನಿಂದ. ಹೆಸರು ವಾಸುದೇವ, ಎಲ್ಲರಿಗೂ ವಾಸಣ್ಣ. ಊರಲ್ಲಿ ನಮ್ಮದು ಉಡುಪಿ ಕಡೆ. ಡೊಂಬಿವಲಿಯಲ್ಲಿ ಸ್ಟೇಷನ್ನಿಗೆ ಹತ್ತಿರದ ಒಂದು ಹೋಟೆಲಿನಲ್ಲಿ ಅವನು ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು. ಊರಿನಿಂದ ಬಂದ ನಾನು ಕಾಲೇಜು ಮುಗಿಸಿ, ಬೇಲಾಪುರದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುವ ಕೆಲಸ ಸಿಗುವವರೆಗೆ ಅವನ ಮನೆಯಲ್ಲೇ ಇದ್ದೆ. ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಅಣ್ಣ, ಅತ್ತಿಗೆ, ಮಗು. ಅಡುಗೆಮನೆಯಲ್ಲಿ ನಾನು ಮತ್ತು ಗ್ಯಾಸ್ ಸಿಲಿಂಡರು.

ಬೆಳಗಿನ ಲೋಕಲ್ ಹಿಡಿಯುವ ಗಿರಾಕಿಗೆ ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲಲು ಪುರುಸೊತ್ತಿಲ್ಲ. ಚಹಾದ ದುಡ್ಡನ್ನು ಎಸೆದು ಓಡುತ್ತಾನೆ. ಹಾಗೆ ಎಸೆದದ್ದರಲ್ಲಿ ನೇಪಾಳದ ರೂಪಾಯಿ, ಶ್ರೀಲಂಕೆಯದು, ಥಾಯ್ಲೆಂಡಿನದು, ಗಲ್ಫಿನಿಂದ ರಜೆಗೆ ಬಂದವರ ಕಿಸೆಯಲ್ಲಿ ಉಳಿದದ್ದು ಎಲ್ಲ ಸೇರಿರುತ್ತಿತ್ತು. ಹೋಟೆಲಿನ ಪದ್ಧತಿ ಏನೆಂದರೆ, ಓಡದ ನಾಣ್ಯ ಗಲ್ಲೆಯಲ್ಲಿ ಸಿಕ್ಕರೆ ಅದು ಕೂತವನ ತಲೆಗೆ. ಉಳಿದವರು ಅದನ್ನು ಗಡಿಬಿಡಿಯಲ್ಲಿ ಇನ್ನೊಬ್ಬ ಗಿರಾಕಿಗೆ ದಾಟಿಸಿಬಿಡುತ್ತಿದ್ದರು. ಅಣ್ಣ ಮಾತ್ರ ತನ್ನ ಜೇಬಿನಿಂದ ಒಂದು ರೂಪಾಯಿ ಗಲ್ಲೆಗೆ ಹಾಕಿ ಅದನ್ನು ಮನೆಗೆ ತರುತ್ತಿದ್ದ. ಏನು ಪ್ರಾಮಾಣಿಕ ಮನುಷ್ಯ ಮಾರಾಯ ಅಂತ ಯಾರೋ ಹೊಗಳಿದಾಗ, ಇದು ಪ್ರಾಮಾಣಿಕತೆ ಅಲ್ಲ, ಆಸೆಬುರುಕತನ ಅಂತ ಅವನೇ ಸರಿಪಡಿಸಿದ.

ಆ ನಾಣ್ಯಗಳನ್ನು ಇಡಲು ಅವನು ಅತ್ತಿಗೆಯ ಹಳೆಯ ಮಸಾಲೆ ಡಬ್ಬಿಯನ್ನು ಹಿಡಿದುಕೊಂಡಿದ್ದ. ದುಂಡಗಿನ ಸ್ಟೀಲ್ ಡಬ್ಬಿ, ಒಳಗೆ ಸುತ್ತ ಆರು ಬಟ್ಟಲು, ನಡುವೆ ಒಂದು. ಸಾಸಿವೆ ಇದ್ದಲ್ಲಿ ನೇಪಾಳ, ಜೀರಿಗೆ ಇದ್ದಲ್ಲಿ ಲಂಕೆ, ಮೆಂತೆ ಇದ್ದಲ್ಲಿ ನಮ್ಮದೇ ಹಳೆಯ ದಪ್ಪ ರೂಪಾಯಿ. ಎಷ್ಟು ತೊಳೆದರೂ ಇಂಗಿನ ವಾಸನೆ ಹೋಗಿರಲಿಲ್ಲ, ನಾಣ್ಯಗಳೆಲ್ಲ ಸಾರಿನ ಘಮದಲ್ಲೇ ಮಲಗಿರುತ್ತಿದ್ದವು. ಹೆಬ್ಬೆರಳು ಎತ್ತಿದ ಒಂದು ರೂಪಾಯಿ ಮತ್ತು ಎರಡು ಬೆರಳು ತೋರಿಸುವ ಎರಡು ರೂಪಾಯಿ ಬಂದಾಗ, ಸರ್ಕಾರಕ್ಕೆ ನಮ್ಮ ಓದು ಬರಹದ ಮೇಲೆ ನಂಬಿಕೆ ಹೋಗಿದೆ, ಅದಕ್ಕೇ ಬೆರಳು ತೋರಿಸಿ ಲೆಕ್ಕ ಹೇಳಿಕೊಡುತ್ತಿದೆ ಅಂತ ಅಣ್ಣ ಅಂದ. ಅವನ ತಮಾಷೆಗಳೆಲ್ಲ ಹಾಗೆಯೇ. ಒಮ್ಮೆ ಹುಟ್ಟಿದರೆ ಸಾಯುತ್ತಿರಲಿಲ್ಲ, ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ನಡುವಿನ ಬಟ್ಟಲಿನಲ್ಲಿ ಹೂಜಿಯ ನಾಣ್ಯಗಳು. ಬೇರೆ ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ. ಆದರೆ ಅವನಿಗೆ ಸಿಕ್ಕಿದ ಮೊದಲನೆಯ ಹೂಜಿ ಆ ಬಟ್ಟಲಿನಲ್ಲಿ ಇರಲಿಲ್ಲ. ಅದು ಶಹಾಡ್ ಹತ್ತಿರದ ಹೊಳೆಯಲ್ಲಿತ್ತು.

ಮಗು ಇನ್ನೂ ಎದೆಹಾಲು ಕುಡಿಯುತ್ತಿದ್ದಾಗ ಅಣ್ಣನಿಗೆ ದುಬಾಯಿಯ ಒಂದು ಹೋಟೆಲಿನಲ್ಲಿ ಕ್ಯಾಶಿಯರ್ ಕೆಲಸ ಬಂದಿತ್ತು. ಪಾಸ್‌ಪೋರ್ಟ್ ಆಯಿತು, ಸೂಟ್‌ಕೇಸೂ ಬಂತು. ಮೆಡಿಕಲ್ ಒಂದು ಬಾಕಿ. ಅದೇ ದಿನಗಳಲ್ಲಿ ಗಲ್ಲೆಗೆ ಯಾರೋ ಆ ಹೂಜಿಯ ನಾಣ್ಯ ಎಸೆದು ಹೋಗಿದ್ದರು. ಇದಕ್ಕಿಂತ ದೊಡ್ಡ ಶಕುನ ಬೇಕೇ ಅಂತ ಅಣ್ಣ ಅದನ್ನು ಅತ್ತಿಗೆಯ ಪರ್ಸಿನಲ್ಲಿ ಇಟ್ಟ. ಜೋಪಾನ, ನಾನು ಮೊದಲ ಸಂಬಳ ಕಳಿಸುವವರೆಗೆ ಇದು ನಿನ್ನ ಹತ್ತಿರ ಇರಲಿ ಅಂದಿದ್ದ. ಮೆಡಿಕಲ್ಲಿನ ಹಿಂದಿನ ದಿನ ಟಿಟ್ವಾಳಾ ಗಣಪತಿಗೆ ಹೋಗಿಬರುವುದು ಅಂತಾಯಿತು. ನಾನೂ ಹೋಗಿದ್ದೆ, ಮಗುವಿನ ಚೀಲ ಹಿಡಿಯಲು.

ಶಹಾಡ್ ದಾಟಿದ ಮೇಲೆ ರೈಲು ಉಲ್ಹಾಸ ನದಿಯ ಮೇಲೆ ಹೋಗುತ್ತದೆ. ಈ ಕಡೆ ಓಡಾಡುವವರಿಗೆಲ್ಲ ಗೊತ್ತು, ಸೇತುವೆ ಬಂದ ಕೂಡಲೇ ಬಾಗಿಲಲ್ಲಿ ನಿಂತವರು ಪೂಜೆಯ ಬಾಡಿದ ಹೂವಿನ ಪೊಟ್ಟಣ ಎಸೆಯುತ್ತಾರೆ, ಕಿಟಕಿಯ ಹತ್ತಿರದವರು ಒಂದು ನಾಣ್ಯ ಎಸೆದು ಕೈ ಮುಗಿಯುತ್ತಾರೆ. ಅತ್ತಿಗೆಯೂ ಮಗುವನ್ನು ಒಂದು ಕೈಯಲ್ಲಿ ಅವಚಿಕೊಂಡು, ಇನ್ನೊಂದು ಕೈಯನ್ನು ಪರ್ಸಿಗೆ ಹಾಕಿ, ಬೆರಳಿಗೆ ಸಿಕ್ಕಿದ್ದನ್ನು ತೆಗೆದು ಕಿಟಕಿಯ ಸರಳಿನಿಂದ ಆಚೆ ಹಾಕಿ ಕಣ್ಣು ಮುಚ್ಚಿದರು. ಏನೋ ಬೇಡಿಕೊಂಡರು. ಏನು ಅಂತ ಕೇಳುವ ಪದ್ಧತಿ ಇಲ್ಲ. ದೇವಸ್ಥಾನದ ಹತ್ತಿರ ತೆಂಗಿನಕಾಯಿಯವನಿಗೆ ದುಡ್ಡು ಕೊಡುವಾಗ, ಎಲ್ಲಿ ನನ್ನ ದುಬಾಯಿ ತೋರಿಸು ಅಂತ ಅಣ್ಣ ನಗುತ್ತಾ ಕೇಳಿದ. ಅತ್ತಿಗೆ ಪರ್ಸನ್ನು ಸೆರಗಿನ ಮೇಲೆ ಕವುಚಿದರು. ನಮ್ಮ ದೇಶದ್ದು ಎಲ್ಲ ಬಿತ್ತು, ಹೂಜಿ ಬೀಳಲಿಲ್ಲ.

ಮೆಡಿಕಲ್ಲಿನಲ್ಲಿ ಎಕ್ಸ್‌ರೇ ತೆಗೆದರು. ಚಿಕ್ಕಂದಿನಲ್ಲಿ ಯಾವಾಗಲೋ ಬಂದು ಹೋದ ಟಿಬಿಯ ಕಲೆ ಎದೆಯಲ್ಲಿ ಉಳಿದಿತ್ತು. ಗಲ್ಫಿಗೆ ಹೋಗುವವರಿಗೆ ಅಷ್ಟೇ ಸಾಕು. ಅನ್‌ಫಿಟ್ ಅಂದರು. ರೋಗ ಇಲ್ಲವಲ್ಲ, ಕಲೆ ತಾನೇ ಅಂತ ಅಣ್ಣ ವಾದ ಮಾಡಿ ನೋಡಿದ. ಅವರು ಮುಂದಿನವನ ಹೆಸರು ಕರೆದರು. ಸೂಟ್‌ಕೇಸು ಅಟ್ಟಕ್ಕೆ ಹೋಯಿತು, ಅದರಲ್ಲಿ ಚಳಿಗಾಲದ ಹೊದಿಕೆ ತುಂಬಿದರು.

ಆ ಕಲೆ ನಾಣ್ಯ ಎಸೆಯುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಅಲ್ಲಿತ್ತು ಅಂತ ಡಾಕ್ಟರು ಹೇಳಿದರು, ಅಣ್ಣ ಹೇಳಿದ, ನಾನೂ ಹೇಳಿದೆ. ಅತ್ತಿಗೆ ತಲೆಯಾಡಿಸಿದರು. ನಂಬಿದರು ಅಂತ ನಾವು ತಿಳಿದುಕೊಂಡೆವು. ಅಣ್ಣನಂತೂ ಈ ದುಃಖದಿಂದಲೂ ಒಂದು ತಮಾಷೆ ಹುಟ್ಟಿಸಿಕೊಂಡ. ಸಂಕಷ್ಟಿಗೋ ಮತ್ತೊಂದಕ್ಕೋ ಟಿಟ್ವಾಳಾಕ್ಕೆ ಹೋದಾಗಲೆಲ್ಲ ಸೇತುವೆ ಬಂದ ಕೂಡಲೇ ಎದ್ದು ನಿಂತು, ಹಾಂ, ದುಬಾಯಿ ಬಂತು, ಇಳಿಯುವವರು ಇಳಿಯಿರಿ ಅನ್ನುತ್ತಿದ್ದ. ಕೆಳಗೆ ಥರ್ಮೋಕೋಲಿನ ತೆಪ್ಪದ ಮೇಲೆ ಕೂತು, ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ನೀರಿಗೆ ಬಿಟ್ಟು, ಭಕ್ತರು ಎಸೆದ ಚಿಲ್ಲರೆ ಎತ್ತುವವರು ಇರುತ್ತಿದ್ದರು. ನಮ್ಮ ಹೊಸ ಸ್ಟೀಲ್ ರೂಪಾಯಿಗಳು ಅಯಸ್ಕಾಂತಕ್ಕೆ ಅಂಟುತ್ತವೆ, ಆಗಿನ ದಿರ್ಹಮ್ ಅಂಟುವುದಿಲ್ಲ. ಅಣ್ಣ ಅದನ್ನೂ ಮನೆಯಲ್ಲಿ ಪರೀಕ್ಷೆ ಮಾಡಿ ನೋಡಿದ್ದ. ಅವರಪ್ಪ ಬಂದರೂ ನನ್ನ ದುಬಾಯಿಯನ್ನು ಎತ್ತಲಿಕ್ಕೆ ಆಗುವುದಿಲ್ಲ, ಅಲ್ಲೇ ಭದ್ರವಾಗಿ ಉಂಟು ಅಂತ ಬೋಗಿ ತುಂಬ ಕೇಳುವ ಹಾಗೆ ಹೇಳುತ್ತಿದ್ದ. ಪಕ್ಕದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅತ್ತಿಗೆ ಆ ಹೊತ್ತಿಗೆ ಮಗಳ ಜಡೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು.

ವರ್ಷಗಳು ಹೋದವು. ಆ ಮಗು, ನಿಶಾ, ಹೈಸ್ಕೂಲಿಗೆ ಬಂದಳು. ನಾನು ಮದುವೆಯಾಗಿ ಖಾರಘರಕ್ಕೆ ಬಂದೆ. ಅಣ್ಣ ಅದೇ ಗಲ್ಲೆಯ ಹಿಂದೆ ಕೂತು ಕೆಮ್ಮತೊಡಗಿದ. ಮಸಾಲೆ ಹೊಗೆ ಅಂದ, ಮಳೆಗಾಲ ಅಂದ. ಕಡೆಗೆ ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ಇದು ಆ ಹಳೆಯ ಕಲೆಯಲ್ಲ, ಬೇರೆಯೇ ಕಾಯಿಲೆ ಅಂದರು ಡಾಕ್ಟರು. ಹೇಗೆ ಸಮಾಧಾನ ಮಾಡಿಕೊಳ್ಳುವುದು? ಕಾಯಿಲೆ ಬೇರೆ, ಶ್ವಾಸಕೋಶ ಅದೇ. ನನಗೆ ಆ ಡಾಕ್ಟರ ಮೇಲೆ, ಆ ಎಕ್ಸ್‌ರೇ ಮೇಲೆ, ಇಡೀ ಡೊಂಬಿವಲಿಯ ಗಾಳಿಯ ಮೇಲೆ ಸಿಟ್ಟು ಬಂದಿತ್ತು.

ಆಸ್ಪತ್ರೆಗೆ ಬರುವಾಗ ಡಬ್ಬಿ ತಾ ಅಂದ ಅಣ್ಣ. ತೆಗೆದುಕೊಂಡು ಹೋದೆ. ಹೊರಗಿನ ತಿಂಡಿ ಕೊಡಬಾರದು ಅಂತ ನರ್ಸ್ ಗದರಿದಳು. ಮುಚ್ಚಳ ತೆಗೆದು ತೋರಿಸಿದ ಮೇಲೆ ನಮ್ಮಿಬ್ಬರನ್ನೂ ಒಂದು ಥರ ನೋಡಿ ಹೋದಳು. ಅತ್ತಿಗೆ ಔಷಧಿ ತರಲು ಕೆಳಗೆ ಹೋಗಿದ್ದರು. ಅಣ್ಣ ನಡುವಿನ ಬಟ್ಟಲಿನಿಂದ ಒಂದು ಹೂಜಿಯನ್ನು ಆರಿಸಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಉಸಿರು ಸಿಕ್ಕಿದಷ್ಟು ಸಿಕ್ಕಿದಷ್ಟು ಮಾತಾಡಿದ.

"ಇವಳು ಆ ದಿನದ ಮೇಲೆ ಹೊಳೆಗೆ ಒಂದು ನಾಣ್ಯ ಹಾಕಿದ್ದು ನೀನು ನೋಡಿದ್ದೀಯಾ ಸದಾ? ಇಲ್ಲ. ನಾನೂ ಈಗ ಇಲ್ಲಿ ಮಲಗಿದ ಮೇಲೇ ಯೋಚನೆ ಮಾಡಿದ್ದು. ನಾನು ತಮಾಷೆ ಮಾಡ್ತಾ ಇದ್ದೆ, ಅವಳು ಅದನ್ನ ಹೊತ್ಕೊಂಡು ಕೂತಿದ್ದಾಳೆ. ಸ್ವಲ್ಪ ಗುಣ ಆದ್ರೆ ಟಿಟ್ವಾಳಾಕ್ಕೆ ಹೋಗುವ. ಇದನ್ನ ಅವಳ ಕೈಯಲ್ಲಿ ಕೊಟ್ಟು, ಬೇಕು ಅಂತ್ಲೇ ಎಸಿ ಮಾರಾಯ್ತಿ ಅಂತ ಹೇಳ್ತೇನೆ. ಆಮೇಲೆ ಆ ಸುದ್ದಿ ಎತ್ತುದಿಲ್ಲ ನಾನು."

ಗುಣ ಆಗಲಿಲ್ಲ. ಇನ್ನು ಮನೆಗೇ ಕರೆದುಕೊಂಡು ಹೋಗಿ ಅಂದರು. ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕಿ ಮಲಗಿದವನು ಮತ್ತೆ ಅದನ್ನು ತೊಡಲಿಲ್ಲ. ಒಂದು ಮಧ್ಯಾಹ್ನ, ನಿಶಾ ಶಾಲೆಯಿಂದ ಬಂದು ಚೀಲ ಇಳಿಸುವ ಹೊತ್ತಿಗೆ ಹೋಗಿಬಿಟ್ಟ.

ಪರವೂರಿನಲ್ಲಿ ಸತ್ತವನಿಗೆ ಯಾವ ಊರಿನ ಶಾಸ್ತ್ರ? ಮೊದಲು ಬಂದು ಮುಂದೆ ನಿಂತವರ ಊರಿನದು. ಡೊಂಬಿವಲಿಯ ಬಿಲ್ಡಿಂಗುಗಳಲ್ಲಿ ನಾನು ನೋಡಿದ್ದು ಇದನ್ನೇ. ನಮ್ಮ ಕಡೆಯ ಹಿರಿಯರು ಯಾರೂ ಹತ್ತಿರ ಇರಲಿಲ್ಲ. ಕೆಳಗಿನ ಮನೆಯ ಬಸವರಾಜಪ್ಪ, ಧಾರವಾಡ ಕಡೆಯವರು, ಪೇಟಾ ಪಕ್ಕಕ್ಕಿಟ್ಟು ಧೋತರ ಎತ್ತಿ ಕಟ್ಟಿ ನಿಂತುಬಿಟ್ಟರು. ಅವರಿಲ್ಲದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಸ್ನಾನ ಮಾಡಿಸಿ, ಗಂಧ ಹಚ್ಚಿ ಆದ ಮೇಲೆ ಅವರು ಕೈ ಚಾಚಿದರು.

"ಒಂದ್ ರೂಪಾಯಿ ಕೊಡ್ರಿ ಯಾರರ. ಹಣಿಗೆ ಹಚ್ಚಬೇಕು. ಬರೇ ಹಣಿಲೆ ಕಳಸಬಾರದು."

ಸತ್ತವರ ಹಣೆಗೆ ನಾಣ್ಯ ಅಂಟಿಸುವುದು ನಮ್ಮ ಮನೆಯ ಪದ್ಧತಿಯಲ್ಲ. ಹಾಗಂತ ಆಗ ಹೇಳುವವರು ಯಾರು? ನಾನು ಒದ್ದೆ ಪಂಚೆಯಲ್ಲಿದ್ದೆ, ಜೇಬಿಲ್ಲ. ಎಲ್ಲರೂ ತಡಕಾಡುವಾಗ ನಿಶಾ ಮೊಳೆಯಲ್ಲಿದ್ದ ಅಪ್ಪನ ಅಂಗಿಯ ಜೇಬಿಗೆ ಕೈ ಹಾಕಿ ಸಿಕ್ಕಿದ್ದನ್ನು ತಂದುಕೊಟ್ಟಳು. ಅವಳು ಅಳುತ್ತಿದ್ದಳು, ನೋಡಲಿಲ್ಲ. ಬಸವರಾಜಪ್ಪನವರ ಕನ್ನಡಕ ಅವರ ಮನೆಯಲ್ಲೇ ಉಳಿದಿತ್ತು, ಅವರೂ ನೋಡಲಿಲ್ಲ. ಗಂಧದ ಮುದ್ದೆ ಮೆತ್ತಿ, ಹಣೆಯ ನಡುವೆ ಒತ್ತಿ ಹಿಡಿದು ಅಂಟಿಸಿದರು.

ಅವರು ಕೈ ತೆಗೆದ ಮೇಲೆ ನನಗೆ ಕಂಡಿತು. ಅಣ್ಣನ ಹಣೆಯ ಮೇಲೆ ಹೂಜಿ. ಕೊಕ್ಕು ಮೇಲಕ್ಕಾಗಿತ್ತು.

ಪಕ್ಕದವರಿಂದ ಒಂದು ರೂಪಾಯಿ ಇಸಿದುಕೊಂಡು, ಅದನ್ನು ಬದಲಾಯಿಸಲು ಬಗ್ಗಿದೆ. ಅತ್ತಿಗೆ ನನ್ನ ಮುಂಗೈ ಹಿಡಿದರು. ಅಷ್ಟು ಹೊತ್ತು ಗೋಡೆಗೆ ಒರಗಿ ಎಲ್ಲೋ ನೋಡುತ್ತಿದ್ದವರು ಯಾವಾಗ ಹತ್ತಿರ ಬಂದರೋ ತಿಳಿಯಲಿಲ್ಲ.

"ಬೇಡ ಸದಾ. ಇರ್ಲಿ," ಅಂದರು.

ಚಿತೆಗೆ ಏರಿಸುವಾಗ ನಾಣ್ಯ ತೆಗೆದುಬಿಡುವವರೂ ಇದ್ದಾರಂತೆ. ಬಸವರಾಜಪ್ಪ ತೆಗೆಯಲಿಲ್ಲ. ಮರುದಿನ ಬೂದಿಯಲ್ಲಿ ಅಸ್ಥಿ ಆರಿಸುವಾಗ ಅದು ಸಿಕ್ಕಿತು. ಕಪ್ಪಾಗಿತ್ತು. ಕಣ್ಣಿಗೆ ಹೂಜಿ ಕಾಣುತ್ತಿರಲಿಲ್ಲ, ಹೆಬ್ಬೆರಳಿಗೆ ಮಾತ್ರ ಕೊಕ್ಕು ತಾಗುತ್ತಿತ್ತು. ಅದನ್ನು ಮಡಕೆಗೆ ಹಾಕದೆ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದು ಅತ್ತಿಗೆಗೆ ಕೊಟ್ಟೆ. ಆಸ್ಪತ್ರೆಯಲ್ಲಿ ಅಣ್ಣ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಅವರು ಒಣಗಿದ ಬಟ್ಟೆ ಮಡಚುತ್ತಿದ್ದರು. ಮಡಚುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ನಾಣ್ಯವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಸ್ಥಿಗೆ ನಾಶಿಕಕ್ಕೆ ಹೋಗುವುದು ಒಳ್ಳೆಯದು ಅಂತ ಬಿಲ್ಡಿಂಗಿನವರು ಹೇಳುತ್ತಿದ್ದರು. ಅತ್ತಿಗೆ ಬೇಡ ಅಂದರು. ಶಹಾಡಿನ ಹೊಳೆಗೇ ಬಿಡುವುದು, ತಾನೂ ಬರುವುದು ಅಂದರು. ಹೆಂಗಸರು ಬರುವ ಕ್ರಮವಿಲ್ಲ ಅಂತ ಯಾರೋ ಬಾಯಿ ತೆರೆದಾಗ ಬಸವರಾಜಪ್ಪ ಆ ಮನುಷ್ಯನ ಕಡೆ ನೋಡಿದರು, ಅಷ್ಟೇ ಸಾಕಾಯಿತು.

ಬೆಳಗಿನ ಹೊತ್ತು ರಿಕ್ಷಾ ಮಾಡಿಕೊಂಡು ಹೋದೆವು, ನಾನು, ಅತ್ತಿಗೆ, ನಿಶಾ. ದಂಡೆಯಲ್ಲಿ ಜಲಕಳೆ, ಪ್ಲಾಸ್ಟಿಕ್ಕು, ಯಾರದೋ ಗಣಪತಿಯ ಮುರಿದ ಕೈ. ಸ್ವಲ್ಪ ದೂರದಲ್ಲಿ ರೈಲಿನ ಸೇತುವೆ. ಮೇಲಿನಿಂದ ಎಷ್ಟೋ ಸಲ ನೋಡಿದ ನೀರನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು. ಕೆಸರಿನ ನೀರು, ವಾಸನೆ ಬರುತ್ತಿತ್ತು. ನಾನು ಮೊಣಕಾಲಿನವರೆಗೆ ಇಳಿದು ಮಡಕೆ ಬಗ್ಗಿಸಿದೆ. ಬೂದಿ ಸ್ವಲ್ಪ ಹೊತ್ತು ಜಲಕಳೆಗೆ ಅಂಟಿಕೊಂಡಿದ್ದು ಆಮೇಲೆ ಹೋಯಿತು. ನಿಶಾ ದಂಡೆಯಲ್ಲಿ ನಿಂತು, "ಮಮ್ಮೀ, ಘರ್ ಚಲೋ ನಾ" ಅಂತ ಮನೆಗೆ ಕರೆದಳು.

ಅತ್ತಿಗೆ ಸೆರಗಿನ ಗಂಟು ಬಿಚ್ಚಿದರು. ಸೀರೆ ನೆನೆಯುವುದನ್ನು ಲೆಕ್ಕಿಸದೆ ನನ್ನ ಪಕ್ಕಕ್ಕೆ ಇಳಿದು ಬಂದರು. ಅಣ್ಣ ಹೇಳಿದ್ದನ್ನು ಮತ್ತೊಮ್ಮೆ ನೆನಪಿಸೋಣ, ಸಮಾಧಾನದ ಒಂದು ಮಾತು ಹೇಳೋಣ ಅನ್ನಿಸಿತು. ಎಕ್ಸ್‌ರೇಯ ಕಲೆ ಮೊದಲೇ ಇತ್ತು ಅತ್ತಿಗೆ, ನಾಣ್ಯಕ್ಕೂ ಅದಕ್ಕೂ ಸಂಬಂಧವಿಲ್ಲ ಅಂದೆ. ಅವರು ನೀರನ್ನೇ ನೋಡುತ್ತಾ ಕೇಳಿಸಿಕೊಂಡರು.

"ನಾಣ್ಯದ್ದಲ್ಲ ಸದಾ," ಅಂದರು. "ಆ ದಿನ ರೈಲಲ್ಲಿ ನಾನು ಬೇಡಿದ್ದು ಎಂತ ಅಂತ ಗೊತ್ತುಂಟಾ ನಿಂಗೆ? ಇವರು ಹೋಗದೇ ಇರ್ಲಿ ಅಂತ. ಮಗು ಸಣ್ಣದು, ನನಗೆ ಹೆದರಿಕೆ ಆಗಿತ್ತು. ಇಲ್ಲೇ ಇರ್ಲಿ ಅಂತ ಬೇಡಿದೆ."

ಅಷ್ಟು ವರ್ಷ ಸೇತುವೆ ಬಂದಾಗಲೆಲ್ಲ ಅವರು ಜಡೆ ಬಿಚ್ಚಿ ಕಟ್ಟಿದ್ದು ಕಣ್ಣಿಗೆ ಬಂತು. ಅಣ್ಣನಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಅದಕ್ಕೂ ಒಂದು ತಮಾಷೆ ಮಾಡುತ್ತಿದ್ದನೋ, ಇಲ್ಲ ಒಳಗೊಳಗೇ ಖುಷಿಪಡುತ್ತಿದ್ದನೋ, ಹೇಳುವವರು ಯಾರು? ಕೇಳಬೇಕಾದವನನ್ನು ಈಗಷ್ಟೇ ನೀರಿಗೆ ಬಿಟ್ಟಿದ್ದೆ.

"ಈ ಸಲ ಎಂತದೂ ಬೇಡ್ಲಿಲ್ಲ," ಅಂದು ಅತ್ತಿಗೆ ಕೈ ಬೀಸಿ ಎಸೆದರು. ಎಸೆದು ಅಭ್ಯಾಸವಿಲ್ಲದ ಕೈ. ಸರಿಯಾಗಿ ಅದೇ ಹೊತ್ತಿಗೆ ಸೇತುವೆಯ ಮೇಲೆ ಲೋಕಲ್ ಬಂತು. ಆ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ. ಮೇಲಿನಿಂದ ಯಾರೋ ಹೂವಿನ ಪೊಟ್ಟಣ ಎಸೆದರು, ಚಿಲ್ಲರೆಯನ್ನೂ ಎಸೆದಿರಬಹುದು, ನೀರಿನಲ್ಲಿ ಅಲ್ಲಲ್ಲಿ ಉಂಗುರಗಳು ಎದ್ದವು. ಯಾವುದು ನಮ್ಮದು ಅಂತ ಹೇಳುವುದು ಸಾಧ್ಯವಿರಲಿಲ್ಲ. ನೀರಿಗೆ ಬಿತ್ತೋ, ಜಲಕಳೆಯ ಮೇಲೇ ಉಳಿಯಿತೋ, ನಾನು ನೋಡಲಿಲ್ಲ.

ರೈಲು ಹೋದ ಮೇಲೆ ಅತ್ತಿಗೆ ನನ್ನ ಕಡೆ ತಿರುಗಿದರು.

"ಬಿತ್ತಾ?"

"ಬಿತ್ತು ಅತ್ತಿಗೆ," ಅಂದೆ.